ಮಗಳಿಗೆ ಯಾವ ಲ್ಯಾಪ್‌ಟಾಪ್? – ಓದುಗರ ಸ್ಪಂದನ

ಸಮಸ್ಯೆ: ಮಗಳಿಗೆ ಸಿಇಟಿ ಮೂಲಕ ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಸೀಟು ಸಿಕ್ಕಿದೆ. ಹಾಸ್ಟೆಲಿನಲ್ಲಿರುತ್ತಾಳೆ. 55 ಸಾವಿರದವರೆಗೆ ಹೊಂದಿಸಬಲ್ಲೆವು. ಅಂಗಡಿಯವರು ಗೇಮಿಂಗ್ ಲ್ಯಾಪ್‌ಟಾಪ್ ತೋರಿಸುತ್ತಿದ್ದಾರೆ. ನೆಂಟರೊಬ್ಬರು ಸೆಕೆಂಡ್ ಹ್ಯಾಂಡ್ ಮ್ಯಾಕ್‌ಬುಕ್ ತೆಗೆದುಕೊಡಿ, ಹತ್ತು ವರ್ಷ ಬಾಳುತ್ತದೆ ಎನ್ನುತ್ತಾರೆ. ಯಾವುದು ಸರಿ?
– ಒಬ್ಬ ತಾಯಿ, ದಾವಣಗೆರೆ

*

ಅಮ್ಮಾ, ನಿಮ್ಮ ಮಗಳ ಬ್ರಾಂಚಿಗೆ ಮ್ಯಾಕ್‌ಬುಕ್ ಬೇಡ. ಯಂತ್ರ ಕೆಟ್ಟದ್ದೆಂದಲ್ಲ, ಲ್ಯಾಬಿನ ಸಾಫ್ಟ್‌ವೇರ್ ಅದರಲ್ಲಿ ಕೂರುವುದಿಲ್ಲ. ಮೈಕ್ರೊಕಂಟ್ರೋಲರ್ (ಯಂತ್ರಗಳನ್ನು ನಡೆಸುವ ಪುಟ್ಟ ಕಂಪ್ಯೂಟರ್ ಚಿಪ್) ಲ್ಯಾಬಿನಲ್ಲಿ ಬಳಸುವ ಕೈಲ್ ಮ್ಯೂವಿಷನ್ ಎಂಬ ಪ್ರೋಗ್ರಾಮ್ ವಿಂಡೋಸಿಗೆ ಮಾತ್ರ ಇದೆ. ವೆರಿಲಾಗ್ (ಸರ್ಕ್ಯೂಟನ್ನು ವಿವರಿಸುವ ಭಾಷೆ) ಬರೆದು ಎಫ್‌ಪಿಜಿಎ ಬೋರ್ಡಿಗೆ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್ ಇರುವ ಬೋರ್ಡ್) ಹಾಕಲು ಬೇಕಾದ ವಿವಾಡೊ ಎಂಬ ಸಾಫ್ಟ್‌ವೇರ್ ವಿಂಡೋಸ್ ಮತ್ತು ಲಿನಕ್ಸಿಗೆ ಸಿಗುತ್ತದೆ, ಮ್ಯಾಕಿಗಿಲ್ಲ. ಡ್ರಾಯಿಂಗಿಗೆ ಬಳಸುವ ಸಾಲಿಡ್ ಎಡ್ಜ್ ಕೂಡ ವಿಂಡೋಸಿನದೇ. ಎಂ ಸರಣಿಯ ಚಿಪ್ ಇರುವ ಮ್ಯಾಕಿನೊಳಗೆ ವರ್ಚುವಲ್ ಮಷೀನ್ (ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರ್) ಮಾಡಿ ವಿಂಡೋಸ್ ಕೂರಿಸಬಹುದು, ನಿಜ. ಆದರೆ ಅದು ಆರ್ಮ್ ಚಿಪ್ಪಿನ (ಇಂಟೆಲ್, ರೈಜೆನ್‌ಗಿಂತ ಬೇರೆ ಜಾತಿಯದು) ವಿಂಡೋಸ್. ಪ್ರೋಗ್ರಾಮ್ ತೆರೆದುಕೊಂಡರೂ ಬೋರ್ಡಿನ ಯುಎಸ್‌ಬಿ ಡ್ರೈವರ್ (ಬೋರ್ಡನ್ನು ಕಂಪ್ಯೂಟರಿಗೆ ಪರಿಚಯಿಸುವ ಪ್ರೋಗ್ರಾಮ್) ಆರ್ಮಿಗೆಂದೇ ಬರೆದದ್ದಲ್ಲದಿದ್ದರೆ ಓಡದು, ಬೋರ್ಡ್ ಕಾಣಿಸುವುದೇ ಇಲ್ಲ.

ಸಾಫ್ಟ್‌ವೇರಿಗೆ ದುಡ್ಡು ಎತ್ತಿಡುವ ಅಗತ್ಯವಿಲ್ಲ. ಸಾಲಿಡ್ ಎಡ್ಜಿನ ವಿದ್ಯಾರ್ಥಿ ಆವೃತ್ತಿ ಉಚಿತ. 8051 ಎಂಬ ಮೈಕ್ರೊಕಂಟ್ರೋಲರಿಗಿರುವ ಕೈಲ್‌ನ ಉಚಿತ ಆವೃತ್ತಿಗೆ 2 ಕೆಬಿ ಕೋಡಿನ ಮಿತಿ ಇದೆ, ಲ್ಯಾಬ್ ಪ್ರೋಗ್ರಾಮಿಗೆ ಅಷ್ಟು ಧಾರಾಳ. ವಿವಾಡೊ ಹಾಕುವಾಗ ಎಲ್ಲ ಚಿಪ್‌ಗಳಿಗೂ ಟಿಕ್ ಹಾಕಿದರೆ ಹತ್ತಾರು ಜಿಬಿ ನುಂಗುತ್ತದೆ. ಕಾಲೇಜಿನ ಬೋರ್ಡಿನಲ್ಲಿ ಯಾವ ಚಿಪ್ ಇದೆಯೋ, ಉದಾಹರಣೆಗೆ ಆರ್ಟಿಕ್ಸ್-7, ಅದೊಂದನ್ನೇ ಆರಿಸಲಿ. ಎಸ್‌ಎಸ್‌ಡಿ (ಫೈಲ್‌ಗಳನ್ನು ಉಳಿಸುವ ಡಿಸ್ಕ್) 512 ಜಿಬಿ ಸಾಕು. ವಿಂಡೋಸಿನಲ್ಲಿ ಅದು 476 ಎಂದು ಕಾಣುತ್ತದೆ. ಎಣಿಕೆಯ ರೀತಿಯೇ ಬೇರೆ, ಅಂಗಡಿಯವರ ಮೋಸವಲ್ಲ.
– ಓದುಗರು, ಹಾಸನ

*

‘ಐ5’, ‘ರೈಜೆನ್ 5’ ಎಂಬ ಪ್ರೊಸೆಸರಿನ ಸ್ಟಿಕ್ಕರ್ ನೋಡಿ ಹಣ ಕೊಡಬೇಡಿ. ಮಾಡೆಲ್ ಸಂಖ್ಯೆ ಪೂರ್ತಿ ಕೇಳಿ. ರೈಜೆನ್ 5 7520ಯು ಮತ್ತು 7530ಯು ನಡುವೆ ಹತ್ತರಷ್ಟೇ ವ್ಯತ್ಯಾಸ ಅನ್ನಿಸುತ್ತದೆ. ಮೊದಲನೆಯದರಲ್ಲಿ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), ಅದೂ 2019ರ ಜೆನ್ 2 ವಿನ್ಯಾಸ. ಎರಡನೆಯದರಲ್ಲಿ ಆರು ಕೋರ್, ಜೆನ್ 3. ಈ 7000 ಸರಣಿಯಲ್ಲಿ ಮೂರನೆಯ ಅಂಕಿಯೇ ಒಳಗಿನ ವಿನ್ಯಾಸವನ್ನು ಹೇಳುವುದು, ಮೊದಲನೆಯದಲ್ಲ. ಇಂಟೆಲ್‌ನಲ್ಲಿ ಐ3-ಎನ್305 ಎಂಬುದಿದೆ. ಎಂಟು ಕೋರ್ ಎಂದು ಹೇಳಿ ಮಾರುತ್ತಾರೆ, ಎಂಟೂ ವಿದ್ಯುತ್ ಉಳಿಸುವ ಸಣ್ಣ ಕೋರ್‌ಗಳು.

ರ್ಯಾಮ್ 16 ಜಿಬಿ ಇರಲಿ. ವಿಂಡೋಸ್ 11 ಸುಮ್ಮನೆ ಕೂತಾಗಲೇ 3ರಿಂದ 4 ಜಿಬಿ ಹಿಡಿದಿರುತ್ತದೆ, ಪ್ರೊಸೆಸರಿನೊಳಗಿನ ಗ್ರಾಫಿಕ್ಸೂ ಅದರಲ್ಲೇ ಪಾಲು ಕೇಳುತ್ತದೆ. 8 ಜಿಬಿಯದನ್ನು ಕೊಂಡು ಆಮೇಲೆ ಹಾಕಿಸಿಕೊಳ್ಳುತ್ತೇವೆ ಎನ್ನುವುದಾದರೆ ಅಂಗಡಿಯಲ್ಲೇ ಟಾಸ್ಕ್ ಮ್ಯಾನೇಜರ್ ತೆರೆಸಿ, ಪರ್ಫಾರ್ಮೆನ್ಸ್, ಮೆಮೊರಿ ಒತ್ತಿಸಿ. ಫಾರ್ಮ್ ಫ್ಯಾಕ್ಟರ್ ಎದುರು ‘ಎಸ್‌ಒಡಿಐಎಂಎಂ’ ಎಂದಿದ್ದರೆ ಸ್ಲಾಟಿನಲ್ಲಿ ಕೂತ ರ್ಯಾಮ್, ಬದಲಿಸಬಹುದು. ‘ರೋ ಆಫ್ ಚಿಪ್ಸ್’ ಎಂದಿದ್ದರೆ ಬೋರ್ಡಿಗೇ ಬೆಸುಗೆ ಹಾಕಿದ್ದು. ಹಾಗಿದ್ದರೆ ಜೊತೆಗೆ ಖಾಲಿ ಸ್ಲಾಟ್ ಇದೆಯೇ ಎಂದು ಕಂಪನಿಯ ಸ್ಪೆಸಿಫಿಕೇಷನ್ ಪುಟದಲ್ಲಿ ನೋಡಿ; ಇಲ್ಲದಿದ್ದರೆ ನಾಲ್ಕು ವರ್ಷವೂ ಅಷ್ಟೇ. ಸ್ಲಾಟ್ ಎರಡಿದ್ದರೆ 8+8 ಹಾಕಿಸಿ. ಎರಡು ದಾರಿಯಲ್ಲಿ ಡೇಟಾ ಹರಿಯುವುದರಿಂದ ಒಳಗಿನ ಗ್ರಾಫಿಕ್ಸ್ ಚುರುಕಾಗುತ್ತದೆ.
– ಓದುಗರು, ಬೆಂಗಳೂರು

*

ಗೇಮಿಂಗ್ ಲ್ಯಾಪ್‌ಟಾಪ್ ಹೆಚ್ಚಾಗಿ ಎರಡು ಕೆಜಿ ದಾಟುತ್ತದೆ, ಅಡಾಪ್ಟರಿನ ತೂಕ ಬೇರೆ. ದಿನಾ ಬ್ಯಾಗಿನಲ್ಲಿ ಹೊರುವವಳು ಮಗಳು. ಆ ಗ್ರಾಫಿಕ್ಸ್ ಕಾರ್ಡಿನಿಂದ ಕೈಲ್‌ಗೂ ವಿವಾಡೊಗೂ ಲಾಭವಿಲ್ಲ. ಮೆಷಿನ್ ಲರ್ನಿಂಗ್ ಪ್ರಾಜೆಕ್ಟ್ ಬಂದರೆ ಇಂಟರ್ನೆಟ್ಟಿನ ಗೂಗಲ್ ಕೊಲ್ಯಾಬಿನಲ್ಲಿ ಉಚಿತವಾಗಿಯೇ ಜಿಪಿಯು (ಗ್ರಾಫಿಕ್ಸ್ ಚಿಪ್) ಸಿಗುತ್ತದೆ.

ಬ್ಯಾಟರಿ ಎಷ್ಟು ಗಂಟೆ ಬರುತ್ತದೆ ಎಂಬ ಜಾಹೀರಾತಿನ ಮಾತು ಬಿಡಿ, ವಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿ) ನೋಡಿ. ಸಾಧಾರಣ ಕೆಲಸಕ್ಕೆ 8 ವಾಟ್ ಎಳೆಯುವ ಯಂತ್ರ 42 ವಾಟ್-ಅವರ್ ಬ್ಯಾಟರಿಯಲ್ಲಿ ಐದು ಗಂಟೆ ಓಡೀತು. 50ಕ್ಕಿಂತ ಹೆಚ್ಚಿರುವುದನ್ನು ಆರಿಸಿ, ವರ್ಷಗಳಲ್ಲಿ ಅದು ಕುಗ್ಗುತ್ತದೆ. ಪರದೆ ಐಪಿಎಸ್ ಇರಲಿ. ಟಿಎನ್ ಪರದೆಯಾದರೆ ಸ್ವಲ್ಪ ಓರೆಯಿಂದ ನೋಡಿದರೂ ಬಣ್ಣ ಕೆಡುತ್ತದೆ. ಯುಎಸ್‌ಬಿ-ಸಿಯಲ್ಲೇ ಚಾರ್ಜ್ ಆಗುವುದಾದರೆ ಇನ್ನೂ ಒಳ್ಳೆಯದು. ಅಡಾಪ್ಟರ್ ಮರೆತ ದಿನ ಗೆಳತಿಯದು ನಡೆಯುತ್ತದೆ.
– ಓದುಗರು, ಮೈಸೂರು

*

ಸೆಕೆಂಡ್ ಹ್ಯಾಂಡ್ ಎಂದು ಪೂರ್ತಿ ತಳ್ಳಿಹಾಕಬೇಡಿ. ಕಚೇರಿಗಳಿಂದ ಬಂದ ಬಿಸಿನೆಸ್ ಮಾಡೆಲ್‌ಗಳ ಕೀಬೋರ್ಡ್, ಹಿಂಜ್ ಗಟ್ಟಿ, ರ್ಯಾಮ್ ಬದಲಿಸುವುದೂ ಹಲವದರಲ್ಲಿ ಸುಲಭ. ಇಂಟೆಲ್ 8ನೇ ತಲೆಮಾರಿಗಿಂತ ಹಿಂದಿನದು ಮಾತ್ರ ಬೇಡ. ಅದಕ್ಕೆ ಅಧಿಕೃತವಾಗಿ ವಿಂಡೋಸ್ 11 ಇಲ್ಲ, ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ವಿಂಡೋಸಿನಿಂದ ಬ್ಯಾಟರಿ ರಿಪೋರ್ಟ್ ತೆಗೆಸಿ, ಡಿಸೈನ್ ಕೆಪಾಸಿಟಿಗೂ (ಹೊಸದಿದ್ದಾಗಿನ ಸಾಮರ್ಥ್ಯ) ಫುಲ್ ಚಾರ್ಜ್ ಕೆಪಾಸಿಟಿಗೂ (ಈಗಿನ ಸಾಮರ್ಥ್ಯ) ಹೋಲಿಸಿ. ಶೇ 70ಕ್ಕಿಂತ ಕಡಿಮೆ ಬಂದರೆ ಹೊಸ ಬ್ಯಾಟರಿಯ ಬೆಲೆ ಕಳೆದು ಮಾತಾಡಿ.
– ಓದುಗರು, ಹುಬ್ಬಳ್ಳಿ

*

ಮೊದಲ ಸೆಮಿಸ್ಟರಿನ ಸಿ ಪ್ರೋಗ್ರಾಮಿಂಗಿಗೆ ಕಾಲೇಜಿನ ಲ್ಯಾಬೇ ಸಾಕು. ತರಗತಿ ಶುರುವಾಗಿ, ಸೀನಿಯರ್‌ಗಳನ್ನು ಕೇಳಿ ಕೊಂಡರೂ ತಡವಾಗದು. ವಾರಂಟಿ ಆನ್‌ಸೈಟ್ (ಇದ್ದಲ್ಲಿಗೇ ಬಂದು ರಿಪೇರಿ) ಇದೆಯೇ, ಹಾಸ್ಟೆಲಿನ ಪಿನ್‌ಕೋಡಿಗೆ ಅನ್ವಯಿಸುತ್ತದೆಯೇ ನೋಡಿ. ನೀರು, ಟೀ ಚೆಲ್ಲಿದ್ದು ಮಾಮೂಲಿ ವಾರಂಟಿಯಲ್ಲಿ ಬರುವುದಿಲ್ಲ, ಅದಕ್ಕೆ ಆಕಸ್ಮಿಕ ಹಾನಿಯ ಪ್ಲಾನ್ ಬೇರೆ. ವಿಂಡೋಸ್ 11 ಎಷ್ಟೋ ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗಿಯೇ ಬೀಗ ಹಾಕಿರುತ್ತದೆ. ಬಯೋಸ್ (ಲ್ಯಾಪ್‌ಟಾಪ್ ಆನ್ ಮಾಡಿದೊಡನೆ ಓಡುವ ಒಳಗಿನ ಪ್ರೋಗ್ರಾಮ್) ಅಪ್‌ಡೇಟ್ ಆದಾಗಲೋ ಪಕ್ಕದಲ್ಲಿ ಲಿನಕ್ಸ್ ಹಾಕಲು ಹೊರಟಾಗಲೋ 48 ಅಂಕಿಯ ರಿಕವರಿ ಕೀ ಕೇಳೀತು. ಸೈನ್ ಇನ್ ಆದ ಮೈಕ್ರೊಸಾಫ್ಟ್ ಖಾತೆಯಲ್ಲಿ ಅದು ಇರುತ್ತದೆ. ಆದ್ದರಿಂದ ಅಂಗಡಿಯ ಹುಡುಗ ತನ್ನ ಮೇಲ್ ಐಡಿಯಲ್ಲಿ ಸೆಟಪ್ ಮಾಡಿಕೊಡಲು ಬಂದರೆ ಬೇಡವೆನ್ನಿ. ಮಗಳ ಖಾತೆಯಲ್ಲೇ ಆಗಲಿ, ಕೀಯನ್ನು ಅವತ್ತೇ ಒಂದು ಹಾಳೆಯಲ್ಲಿ ಬರೆದಿಡಲಿ.
– ಓದುಗರು, ಉಡುಪಿ