ಶಹಾಬಾದಿ ಫರಸಿ ಮೇಲೆ ಕರಿ ಆಯಿಲ್ ಚೆಲ್ಲಿದೆ, ಉಳಿದದ್ದನ್ನು ಗ್ಯಾರೇಜಿನವರೂ ಒಲ್ಲೆ ಅಂದರು

ಆಳಂದ ರೋಡ್ ಸವಾರ:
ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ. ಮನೆಯಲ್ಲಿ ಒಂದು ಸ್ಪ್ಲೆಂಡರ್, ಒಂದು ಹಳೆ ಬುಲೆಟ್ ಇವೆ. ಒಂದು ವರ್ಷದಿಂದ ಎರಡಕ್ಕೂ ಆಯಿಲ್ ನಾನೇ ಬದಲಿಸುತ್ತೇನೆ. ತೆಗೆದ ಆಯಿಲನ್ನು ಐದು ಲೀಟರಿನ ಡಬ್ಬಿಯಲ್ಲಿ ಕೂಡಿಡುತ್ತಾ ಬಂದೆ. ನಿನ್ನೆ ಡಬ್ಬಿ ಸರಿಸುವಾಗ ಮುಚ್ಚಳ ಸಡಿಲಾಗಿ ಅಂಗಳದ ಫರಸಿ ಕಲ್ಲಿನ ನೆಲದ ಮೇಲೆ ಅರ್ಧ ಲೀಟರ್ ಚೆಲ್ಲಿತು. ಅವ್ವ ಗಾಬರಿಯಲ್ಲಿ ಬಿಸಿ ನೀರು, ಸೋಪಿನ ಪುಡಿ ಸುರಿದರು. ಕಲೆ ತಟ್ಟೆಯಷ್ಟಿದ್ದದ್ದು ಪರಾತದಷ್ಟಾಯಿತು.

ಉಳಿದ ಆಯಿಲ್ ಗ್ಯಾರೇಜಿಗೆ ಒಯ್ದೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, "ಇದು ಬೇಡ" ಎಂದು ವಾಪಸ್ ಕೊಟ್ಟರು. ಯಾಕೆ ಅಂತ ಹೇಳಲಿಲ್ಲ. ಅಜ್ಜ ಬೇರೆ, ಗೆದ್ದಲಿಗೆ ಒಳ್ಳೆಯದು, ಕೊಟ್ಟಿಗೆ ಕಂಬಕ್ಕೆ ಬಳಿ ಅನ್ನುತ್ತಿದ್ದಾರೆ. ಚರಂಡಿಗೆ ಸುರಿಯಲು ಮನಸ್ಸಿಲ್ಲ. ಏನು ಮಾಡಲಿ?

ಬುಲೆಟ್ ಕಾಕಾ:
ಚರಂಡಿಗೆ ಸುರಿಯದಿದ್ದದ್ದೇ ದೊಡ್ಡ ಕೆಲಸ ತಮ್ಮಾ. ಒಂದು ಮಾತು ಹೇಳು. ಆ ಡಬ್ಬಿಯಲ್ಲಿ ಇಂಜಿನ್ ಆಯಿಲ್ ಬಿಟ್ಟು ಬೇರೆ ಏನಾದರೂ ಹಾಕಿದ್ದೀಯಾ? ಬ್ರೇಕ್ ಆಯಿಲ್, ಥಿನ್ನರ್, ಕೂಲೆಂಟ್, ಪೆಟ್ರೋಲ್?

ಆಳಂದ ರೋಡ್ ಸವಾರ:
ಹೌದು ಕಾಕಾ. ಚೈನ್ ತೊಳೆದ ಪೆಟ್ರೋಲ್ ಅದರಲ್ಲೇ ಹಾಕಿದ್ದೆ. ಎರಡೂ ಎಣ್ಣೆಯೇ ಅಲ್ವಾ ಅಂದುಕೊಂಡೆ.

ಬುಲೆಟ್ ಕಾಕಾ:
ಅಲ್ಲೇ ಕೆಟ್ಟಿತು. ಇಂಜಿನ್ ಆಯಿಲ್‌ಗೆ ಸುಲಭದಲ್ಲಿ ಬೆಂಕಿ ಹತ್ತುವುದಿಲ್ಲ. ಅದರಲ್ಲಿ ಪೆಟ್ರೋಲ್ ಬೆರೆತರೆ ಡಬ್ಬಿಯೊಳಗೆ ಹಬೆ ತುಂಬುತ್ತದೆ, ಒಂದು ಕಿಡಿ ಸಾಕು. ಗ್ಯಾರೇಜಿನವರು ಎಲ್ಲರ ಆಯಿಲನ್ನೂ ಒಂದೇ ಡ್ರಮ್ಮಿಗೆ ಹಾಕುತ್ತಾರೆ. ನಿನ್ನ ಡಬ್ಬಿ ಸೇರಿದರೆ ಇನ್ನೂರು ಲೀಟರ್ ಡ್ರಮ್ಮೇ ಕೆಡುತ್ತದೆ. ಅವರು ಬೇಡ ಅಂದದ್ದು ಸರಿ, ಆದರೆ ಕಾರಣ ಹೇಳಬೇಕಿತ್ತು.

ಹಳೆ ಆಯಿಲ್ ಸುಮ್ನೆ ಕಸ ಅಲ್ಲ. ಓಡಿ ಓಡಿ ಅದರಲ್ಲಿ ಮಸಿ, ಲೋಹದ ಪುಡಿ ಸೇರುತ್ತವೆ, ಹಾಕಿದ್ದ ಕೆಮಿಕಲ್ ಸವೆಯುತ್ತದೆ. ಮೂಲ ಎಣ್ಣೆ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಶುದ್ಧ ಮಾಡಿದರೆ ಮತ್ತೆ ಲೂಬ್ರಿಕೆಂಟ್ ಆಗುತ್ತದೆ. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪಟ್ಟಿಯಲ್ಲೇ ಹಳೆ ಆಯಿಲ್ ಇದೆ. 2023ರ ತಿದ್ದುಪಡಿ ಪ್ರಕಾರ, 2024ರ ಏಪ್ರಿಲ್ 1ರಿಂದ ಹಳೆ ಆಯಿಲ್ ಮರುಬಳಕೆಯ ಹೊಣೆ ಆಯಿಲ್ ತಯಾರಿಸುವ ಕಂಪನಿಗಳ ಮೇಲೂ ಬಿದ್ದಿದೆ. ಹಾಗಾಗಿ ಕೊಡುವಾಗ, "ನೋಂದಣಿ ಇರುವ ಮರುಬಳಕೆಯವರಿಗೆ ಹೋಗುತ್ತಾ?" ಅಂತ ಕೇಳು. ಇಟ್ಟಿಗೆ ಭಟ್ಟಿಯಲ್ಲಿ ಸುಡಲು ಅಂದರೆ ಕೊಡಬೇಡ.

ಈ ಡಬ್ಬಿ ಮೇಲೆ "ಪೆಟ್ರೋಲ್ ಬೆರೆತಿದೆ" ಎಂದು ಬರೆದು, ನೆರಳಿನಲ್ಲಿ, ಒಲೆಯಿಂದ ದೂರ ಇಡು. ಮುಂದಿನ ಸಲದಿಂದ ಹೊಸ ಆಯಿಲ್ ಬಂದ ಡಬ್ಬಿಗೇ ಹಳೆಯದನ್ನು ತುಂಬು. ತಂಪು ಪಾನೀಯದ ಬಾಟಲಿ ಮಾತ್ರ ಬೇಡಪ್ಪಾ. ನಮ್ಮ ಓಣಿಯಲ್ಲಿ ಒಂದು ಮಗು ಅದನ್ನು ಬಾಯಿಗೆ ಹಚ್ಚಿತ್ತು. ಬುಲೆಟ್‌ನಿಂದ ತೆಗೆದ ಆಯಿಲ್ ಫಿಲ್ಟರನ್ನೂ ಒಂದು ರಾತ್ರಿ ಡಬ್ಬಿ ಮೇಲೆ ಬೋರಲು ಹಾಕಿಡು. ಒಳಗಿಂದ ಎಷ್ಟು ಇಳಿಯುತ್ತದೆ ಅಂತ ನೋಡಿದರೆ ನಿನಗೇ ಆಶ್ಚರ್ಯ ಆಗುತ್ತದೆ.

ಎರೆಮಣ್ಣು:
ಅಜ್ಜನವರ ಮಾತಿಗೆ ನಾನು ಉತ್ತರ ಕೊಡುತ್ತೇನೆ. ಜೇವರ್ಗಿ ಕಡೆ ನಾವೂ ಬಂಡಿಗೆ, ಕಂಬಕ್ಕೆ ಇದನ್ನೇ ಬಳಿದವರು. ಗೆದ್ದಲು ಒಂದಷ್ಟು ದಿನ ದೂರ ಇರುವುದು ನಿಜ. ಆದರೆ ಎಮ್ಮೆ ಮೈ ತಿಕ್ಕುತ್ತದೆ, ಆಮೇಲೆ ಅಲ್ಲೇ ನೆಕ್ಕುತ್ತದೆ. ಕಂಬ ಹಿಡಿದ ಮಕ್ಕಳ ಕೈ ಕರ್ರಗಾಗುತ್ತದೆ. ಈ ಎಣ್ಣೆ ಚರ್ಮಕ್ಕೆ ಪದೇ ಪದೇ ಹತ್ತಿದರೆ ಕ್ಯಾನ್ಸರ್ ತರುವಂಥದ್ದು. ನೀವೂ ಗ್ಲೌಸ್ ಹಾಕಿಕೊಳ್ಳಿ. ಕೈಗಾದರೆ ಸೋಪಿನಿಂದ ತೊಳೆಯಿರಿ, ಪೆಟ್ರೋಲಿನಿಂದಲ್ಲ. ಇನ್ನು ನಿಮ್ಮ ಡಬ್ಬಿಯಲ್ಲಿ ಪೆಟ್ರೋಲ್ ಬೇರೆ ಇದೆ. ಮೇವಿನ ಬಣವೆ ಪಕ್ಕದ ಕಂಬಕ್ಕೆ ಅದನ್ನು ಬಳಿಯುತ್ತಾರೇನ್ರಿ?

ಹೊಲದಲ್ಲಿ ಸುರಿದರಾಯಿತು ಅನ್ನುವವರೂ ಇದ್ದಾರೆ. ನಮ್ಮ ಎರೆ ಭೂಮಿ ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ಗೊತ್ತಲ್ಲ. ಬಿರುಕಿನಲ್ಲಿ ಕೈ ಇಟ್ಟರೆ ಮೊಣಕೈವರೆಗೆ ಇಳಿಯುತ್ತದೆ. ಸುರಿದ ಎಣ್ಣೆ ಮೇಲೆ ನಿಲ್ಲುವುದೇ ಇಲ್ಲ, ಸೀದಾ ಕೆಳಗೆ. ಮಳೆ ಬಂದಾಗ ಬಿರುಕು ಮುಚ್ಚಿಕೊಳ್ಳುತ್ತದೆ, ಎಣ್ಣೆ ಒಳಗೇ ಉಳಿಯುತ್ತದೆ.

ಕಲ್ಲು ಹಾಸುವವ:
ಫರಸಿ ವಿಷಯ ನನಗೆ ಬಿಡಿ. ನಿಂಬೆ, ಹುಣಸೆ, ಬಾತ್‌ರೂಮಿನ ಆಸಿಡ್ ಯಾವುದನ್ನೂ ಹಾಕಬೇಡಿ. ಶಹಾಬಾದಿ ಕಲ್ಲು ಸುಣ್ಣದ ಕಲ್ಲು. ವಾಡಿ, ಶಹಾಬಾದ್ ಕಡೆ ಸಿಮೆಂಟ್ ಕಾರ್ಖಾನೆ ಬಂದದ್ದೇ ಇಂಥ ಕಲ್ಲಿಗಾಗಿ. ನಂಬಿಕೆ ಬಾರದಿದ್ದರೆ ಒಡೆದ ಚೂರಿನ ಮೇಲೆ ನಿಂಬೆರಸ ಹಿಂಡಿ ನೋಡಿ, ಸಣ್ಣ ಗುಳ್ಳೆ ಏಳುತ್ತವೆ. ಹುಳಿ ತಾಗಿದ ಕಡೆ ಹೊಳಪು ಹೋಗಿ ಬೆಳ್ಳಗೆ ಒರಟಾಗುತ್ತದೆ. ಎಣ್ಣೆ ಕಲೆಯನ್ನಾದರೂ ತೆಗೆಯಬಹುದು, ಹುಳಿಯ ಗುರುತು ತೆಗೆಯಲು ಪಾಲಿಷ್ ಮಷೀನೇ ಬೇಕು.

ಅರ್ಧ ಲೀಟರ್ ಚೆಲ್ಲಿದ ತಕ್ಷಣ ಒಣ ಮರಳೋ, ಕಟ್ಟಿಗೆ ಪುಡಿಯೋ, ತೊಗರಿ ಹೊಟ್ಟೋ ಸುರಿದಿದ್ದರೆ ಮುಕ್ಕಾಲು ಅಲ್ಲೇ ಹೀರುತ್ತಿತ್ತು. (ಆ ಹೊಟ್ಟನ್ನು ದನಕ್ಕೆ ಹಾಕಬೇಡಿ ಮತ್ತೆ.) ಈಗ ಮುಲ್ತಾನಿ ಮಿಟ್ಟಿ ತನ್ನಿ. ಪಾತ್ರೆ ತೊಳೆಯುವ ಲಿಕ್ವಿಡ್, ಸ್ವಲ್ಪ ನೀರು ಹಾಕಿ ಭಜಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ. ಕಲೆಗಿಂತ ಎರಡು ಬೆರಳು ಆಚೆವರೆಗೆ, ಅರ್ಧ ಬೆರಳು ದಪ್ಪ ಮೆತ್ತಿ. ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಒಣಗಲು ಬಿಡಿ. ಒಣಗುವಾಗಲೇ ಮಣ್ಣು ಎಣ್ಣೆಯನ್ನು ಮೇಲಕ್ಕೆ ಎಳೆಯುವುದು. ಕೆರೆದು ತೆಗೆದು ಮತ್ತೆ ಹಚ್ಚಿ. ಒಂದೇ ಸಲಕ್ಕೆ ಹೋಗುವುದಿಲ್ಲ. ಸಂಜೆ ಶುರುಮಾಡಿ. ನಮ್ಮ ಮಧ್ಯಾಹ್ನದ ಬಿಸಿಲಿಗೆ ಮೆತ್ತಿದ ಅರ್ಧ ತಾಸಿಗೇ ಹಪ್ಪಳ ಆಗುತ್ತದೆ.

ಆಳಂದ ರೋಡ್ ಸವಾರ:
ಹತ್ತು ದಿನ ಆಯಿತು, ವರದಿ ಕೊಡುತ್ತಿದ್ದೇನೆ. ಮುಲ್ತಾನಿ ಮಿಟ್ಟಿ ಮೂರು ಸಲ ಹಚ್ಚಿದೆ. ಮೊದಲ ಸಲ ಕೆರೆದಾಗ ಮಣ್ಣಿನ ತಳ ಕಾಫಿ ಪುಡಿ ಬಣ್ಣಕ್ಕೆ ತಿರುಗಿತ್ತು, ಮೂರನೇ ಸಲ ಸ್ವಲ್ಪ ಹಳದಿ ಅಷ್ಟೇ. ಕಲೆ ಪೂರ್ತಿ ಹೋಗಿಲ್ಲ. ನೀರು ಹಾಕಿ ತೊಳೆದಾಗ ಗೊತ್ತಾಗುತ್ತದೆ, ಒಣಗಿದರೆ ಹುಡುಕಬೇಕು. ಕೆರೆದ ಮಣ್ಣನ್ನು ಕವರಿನಲ್ಲಿ ಕಟ್ಟಿ, ಕಸದ ಗಾಡಿಯವರಿಗೆ ಎಣ್ಣೆ ಇದೆ ಅಂತ ಹೇಳಿ ಬೇರೆಯಾಗಿ ಕೊಟ್ಟೆ.

ಡಬ್ಬಿಗೆ ಎರಡು ವಾರ ಅಲೆಯಬೇಕಾಗುತ್ತದೆ ಅಂದುಕೊಂಡಿದ್ದೆ. ಕಪನೂರ ಕೈಗಾರಿಕಾ ಪ್ರದೇಶದ ಕಡೆ ಆಯಿಲ್ ಕೂಡಿಸುವವರು ಒಬ್ಬರು ಸಿಕ್ಕರು. ಪೆಟ್ರೋಲ್ ಬೆರೆತಿದೆ ಅಂತ ಮೊದಲೇ ಹೇಳಿದೆ. ಬೆರಕೆಯದಕ್ಕೆ ಅವರ ಬಳಿ ಬೇರೆ ಡ್ರಮ್ ಇತ್ತು. ದುಡ್ಡು ಕೊಡಲಿಲ್ಲ, ನಾನೂ ಕೇಳಲಿಲ್ಲ. ನೋಂದಣಿ ಕಾಗದ ಗೋಡೆಗೆ ಹಾಕಿದ್ದರು, ಓದಿಯೇ ಬಂದೆ ಕಾಕಾ.

ಅಜ್ಜ ಇನ್ನೂ ಮುನಿಸಿಕೊಂಡಿದ್ದಾರೆ. ಅವ್ವ ಕಲೆ ಮೇಲೆ ತುಳಸಿ ಕುಂಡ ತಂದಿಟ್ಟಿದ್ದಾರೆ. ಈಗ ಬೈಕ್ ನಿಲ್ಲಿಸಲು ಜಾಗ ಇಲ್ಲ.