ಕಾಕಾರ ಹಳೇ ಕಾರ್ ಮ್ಯೂಸಿಯಂ ಮುಚ್ಚಬೇಕಾಗ್ಯದ, ಗಾಡಿ ಎಲ್ಲಿಗಿ ಕೊಡೋದ್ರಿ?

ಕೆಎ32_ಅಕ್ಕ:
ನಮಸ್ಕಾರ್ರಿ ಎಲ್ಲರಿಗೂ. ಕಲಬುರಗಿ ಆಳಂದ ರೋಡಿನ ಕಡಿ ನಮ್ಮ ಕಾಕಾ ಒಂದು ತಗಡಿನ ಶೆಡ್‌ನಾಗ ಹಳೇ ಕಾರ್ ಇಟ್ಟು ಸಣ್ಣ ಮ್ಯೂಸಿಯಂ ಮಾಡಿದ್ರು, ಬೋರ್ಡ್ ಗೀರ್ಡ್ ಏನಿಲ್ಲ, ಐತ್ವಾರ ಗೇಟ್ ತೆಗೀತಿದ್ರು, ಯಾರ್ ಬಂದ್ರೂ ರೊಕ್ಕ ತಗೋತಿರ್ಲಿಲ್ಲ, ತಾವೇ ನಿಂತು ಒಂದೊಂದು ಗಾಡಿ ಕಥಿ ಹೇಳೋರು. ಹೋದ ವರ್ಷ ಕಾಕಾ ತೀರ್ಕೊಂಡ್ರು. ಜಾಗ ಬಾಡಿಗಿದು, ಮಾಲಕರು ದೀಪಾವಳಿ ಒಳಗ ಖಾಲಿ ಮಾಡ್ರಿ ಅಂದಾರ, ಅವರದೇನೂ ತಪ್ಪಿಲ್ಲ, ಇಷ್ಟು ವರ್ಷ ಕಡಿಮಿ ಬಾಡಿಗಿಗೇ ಬಿಟ್ಟಿದ್ರು.

ಒಟ್ಟು 7 ಗಾಡಿ ಅವ. ಮೋರಿಸ್ ಮೈನರ್, ಮುಂದಿನ ಬಾಗಲ ಉಲ್ಟಾ ತೆರಿಯೋ ಹಳೇ ಫಿಯೆಟ್ 1100, ಲ್ಯಾಂಡ್‌ಮಾಸ್ಟರ್, ವಿಲ್ಲಿಸ್ ಜೀಪ್, ಸ್ಟ್ಯಾಂಡರ್ಡ್ ಹೆರಾಲ್ಡ್, ಮತ್ತ ಎರಡು ಅಂಬಾಸಿಡರ್. ಮೋರಿಸ್‌ಗಿ ಈಗಿನಂಗ ಮಿಣಮಿಣ ಅನ್ನೋ ಇಂಡಿಕೇಟರ್ ಇಲ್ರಿ, ಸ್ವಿಚ್ ತಿರುವಿದ್ರ ಬಾಗಲ ಹಿಂದಿನ ಕಂಬದಾಗಿಂದ ಒಂದು ಸಣ್ಣ ಕಿತ್ತಳಿ ಬಣ್ಣದ ಕೈ ಟಕ್ ಅಂತ ಹೊರಗ ಬರ್ತದ, ಒಳಗ ಬಲ್ಬ್ ಹತ್ತತದ. ಶಾಲಿ ಮಕ್ಕಳು ಅದೊಂದೇ ನೋಡ್ಲಾಕ ಸಾಲು ಹಚ್ಚೋರು.

ಈಗ ಪುಣೆಯಿಂದ ಒಬ್ಬ ಡೀಲರ್ ಬಂದು ಮೋರಿಸ್, ಜೀಪ್ ಎರಡೇ ಸಾಕು ಅಂತಾನ. ಉಳಿದದ್ದು ಗುಜರಿಗಿ ಹಾಕ್ರಿ ಅಂತ ಮನ್ಯಾಗ ಹೇಳ್ಲತ್ತಾರ. ನನಗ ಅದು ಆಗಲ್ಲ. ಎಲ್ಲಾ ಒಂದೇ ಕಡಿ ಇರೋ ಹಂಗ ಕೊಡ್ಲಾಕ ಬರ್ತದೇನ್ರಿ? ಎರಡು ಗಾಡಿಗಿ ಆರ್‌ಸಿ ಸಿಗವಲ್ದು, ಅದಕ್ಕೇನು ಮಾಡ್ಬೇಕು?

ಬೀದರ_ಜೀಪ್‌ವಾಲಾ:
ಅಕ್ಕಾರೆ, ಕಾಕಾ ಹೋಗಿದ್ದು ಕೇಳಿ ಭಾಳ ಸಂಕಟ ಆಯ್ತು, ಆ ಶೆಡ್ ನಾನೂ ನೋಡೀನಿ. ಯಾರಿಗಿ ಕೊಡೋದು ಅನ್ನೋದು ಆಮ್ಯಾಲ, ಮೊದಲ ಕಾಗದ ಸರಿ ಮಾಡ್ರಿ, ಕಾಗದ ಇಲ್ದ ಗಾಡಿಗಿ ಡೀಲರ್ ಹೇಳಿದ್ದೇ ರೇಟು. ಕಾಕಾರ ಹೆಸರಿನ್ಯಾಗ ಇರೋವು ವಾರಸುದಾರರ ಹೆಸರಿಗಿ ಆಗ್ಬೇಕಂದ್ರ ಫಾರ್ಮ್ 31 ಹಾಕ್ಬೇಕು, ಡೆತ್ ಸರ್ಟಿಫಿಕೇಟು, ನಾಡಕಚೇರಿಯಿಂದ ವಂಶವೃಕ್ಷ, ಉಳಿದ ವಾರಸುದಾರರ ಒಪ್ಪಿಗಿ ಬೇಕು. ಹಿಂಗ ಹಾಕ್ಲಾಕ 3 ತಿಂಗಳ ಅಂತ ನಿಯಮ ಅದ, ದಾಟ್ಯದ ಅಂದ್ರ ದಂಡ ಬೀಳಬಹುದು, ಆದ್ರ ಹೆದ್ರಬ್ಯಾಡ್ರಿ, ಕೆಲಸ ನಿಲ್ಲಲ್ಲ. ಹೊರರಾಜ್ಯದವರು ತಗೊಂಡ್ರ ಫಾರ್ಮ್ 28ದ ಎನ್‌ಒಸಿ ಸೈತ ಬೇಕಾಗ್ತದ.

ಇನ್ನೊಂದು, 2021ರಾಗ ಕೇಂದ್ರದವರು ವಿಂಟೇಜ್ ಗಾಡಿಗಿ ಬ್ಯಾರೆ ನಿಯಮ ತಂದಾರ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿರ್ಬೇಕು, ಚಾಸಿ, ಬಾಡಿ, ಇಂಜಿನ್ ದೊಡ್ಡ ಬದಲಾವಣಿ ಇಲ್ದಂಗ ಮೂಲದ್ದೇ ಇರ್ಬೇಕು. ಹೊಸದಾಗಿ ಮಾಡ್ಸಿದ್ರ ₹20,000, 10 ವರ್ಷ ನಡೀತದ, ಆಮ್ಯಾಲ ರಿನೀವಲ್‌ಗಿ ₹5,000. ಹೊಸ ನಂಬರಿನ್ಯಾಗ ವಿಎ ಅಂತ ಬರ್ತದ, ಆದ್ರ ಮೊದಲೇ ರಿಜಿಸ್ಟರ್ ಇರೋ ಗಾಡಿಗಿ ಹಳೇ ನಂಬರೇ ಇಟ್ಕೋಬಹುದು, ಅದನ್ನ ಬಿಡಬ್ಯಾಡ್ರಿ. ದಿನಾ ಓಡ್ಸೋ ಹಂಗಿಲ್ಲ, ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕ್ಸಲಾಕ, ರಿಪೇರಿಗಿ ಅಷ್ಟೇ. ಅಂಬಾಸಿಡರ್ 1980ರ ಈಚಿನ್ದು ಇದ್ರ ಈ ನಿಯಮಕ್ಕ ಇನ್ನೂ ಬರಲ್ಲ.

ಫರ್ಸಿ_ಗ್ಯಾರೇಜ್ (ಶಹಾಬಾದ):
ತಂಗಿ, ಒಂದು ಮಾತು ಕೈಮುಗಿದು ಹೇಳ್ತೀನಿ, ನೋಡ್ಲಾಕ ಬಂದವರು ಸ್ಟಾರ್ಟ್ ಮಾಡಿ ತೋರ್ಸ್ರಿ ಅಂದ್ರ ಬ್ಯಾಟರಿ ಹಚ್ಚಿ ಸೆಲ್ಫ್ ಹೊಡಿಬ್ಯಾಡ್ರಿ. ವರ್ಷಗಟ್ಲೆ ನಿಂತ ಇಂಜಿನ್‌ದಾಗ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಅಂಟಿರ್ತಾವ, ಜಬರ್ದಸ್ತಿ ಮಾಡಿದ್ರ ಒಳಗ ಗೀರು ಬಿದ್ದು ಸಿಲಿಂಡರ್ ಹೋತದ. ಪ್ಲಗ್ ಬಿಚ್ಚಿ ಒಂದೊಂದರಾಗ ಎರಡು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯೆಲ್ಲ ಬಿಡ್ರಿ, ಆಮ್ಯಾಲ ಗೇರ್ ನ್ಯೂಟ್ರಲ್ ಮಾಡಿ ಹ್ಯಾಂಡಲ್ ಹಾಕಿ ಕೈಲೇ ಸಾವಕಾಶ ತಿರುವ್ರಿ, ತಿರುಗಿದ್ರ ಗೆದ್ದಂಗ. ಹಳೇ ಪೆಟ್ರೋಲ್ ಪೂರಾ ತೆಗೀರಿ, ಅದು ಅಂಟಿನಂಗಾಗಿ ಕಾರ್ಬುರೇಟರ್ ಜೆಟ್ ಮುಚ್ಚತದ. ಬ್ರೇಕಿನ ರಬ್ಬರ್ ಕಪ್ ಹೋಗಿರ್ತಾವ, ಹಂಗಾಗಿ ಓಡ್ಸಿ ಲಾರಿ ಹತ್ತಸ್ಲಾಕ ಹೋಗಬ್ಯಾಡ್ರಿ, ವಿಂಚ್ (ಹಗ್ಗ ಸುತ್ತಿ ಎಳಿಯೋ ಯಂತ್ರ) ಹಚ್ಚಿ ಎಳಸ್ರಿ.

ಶೆಡ್‌ನಾಗ ಕೆಳಗ ನಮ್ಮ ಶಹಾಬಾದ ಫರ್ಸಿ ಕಲ್ಲೇ ಹಾಸಿದ್ರ ಮಳಿಗಾಲದಾಗ ತೇವ ಬಿಡ್ತದ, ಪ್ಲಾಸ್ಟಿಕ್ ತಾಡಪತ್ರಿ ಹೊಚ್ಚಿದ್ರ ಒಳಗೇ ಬೆವತು ತುಕ್ಕು ಹಿಡೀತದ, ಹತ್ತಿ ಬಟ್ಟಿ ಹೊಚ್ಚ್ರಿ. ಪೇಂಟ್ ಹೊಡಸ್ಲಾಕ ಹೋಗಬ್ಯಾಡ್ರಿ, ಮಾಸಿದ್ರೂ ಕಂಪನಿ ಪೇಂಟಿಗೇ ಕಿಮ್ಮತ್ತು.

ಯಾದಗಿರಿ_ಮಾಸ್ತರ್:
ಒಟ್ಟಿಗೇ ಇಡ್ಬೇಕನ್ನೋ ನಿಮ್ಮ ಆಸಿ ನೂರಕ್ಕ ನೂರು ಸರಿ ಅದ ತಾಯಿ. ಫ್ರಾನ್ಸಿನ ಮುಲೂಸ್ ಊರಾಗ ಶ್ಲುಂಫ್ ಅಂತ ಅಣ್ಣತಮ್ಮರ ಮಿಲ್ ಮುಳುಗಿತು, 1977ರಾಗ ಕೆಲಸಗಾರರು ಒಳಗ ಹೊಕ್ಕು ನೋಡಿದ್ರ ನೂರಾರು ಕಾರು, ಬುಗಾಟಿ ಕಂಪನಿ ಕಾರೇ ರಾಶಿ. ಸಾಲಕ್ಕ ಹರಾಜ್ ಹಾಕಿದ್ರ ದಿಕ್ಕಿಗೊಂದು ಹೋಗ್ತಿದ್ವು, ಆದ್ರ 1978ರಾಗ ಸರ್ಕಾರ ಇಡೀ ಸಂಗ್ರಹಕ್ಕೇ ಸ್ಮಾರಕ ಅಂತ ಮಾನ್ಯತಾ ಕೊಟ್ಟು ಒಡಿಲಾರದಂಗ ಮಾಡ್ತು, 1982ರಾಗ ಮ್ಯೂಸಿಯಂ ಆಗಿ ತೆರೀತು. ನಮ್ಮಲ್ಲಿ 1972ರ ಪುರಾವಸ್ತು ಕಾಯ್ದೆ ಇಂಥ ವಸ್ತುಗಳಿಗಿ 100 ವರ್ಷ ಆಗಿರ್ಬೇಕಂತದ, ಕಾಕಾರ ಗಾಡಿ ಅಷ್ಟು ಹಳೇವಲ್ಲ, ಕಾನೂನು ಬಂದು ಕಾಯಲ್ಲ, ಮನಿ ಮಂದಿನೇ ಗಟ್ಟಿ ನಿಲ್ಬೇಕು.

ಧರ್ಮಸ್ಥಳದ ಮಂಜೂಷಾ ಮ್ಯೂಸಿಯಂದಾಗ ಹಳೇ ಕಾರ್ ಅವ, ಶ್ರೀರಂಗಪಟ್ಟಣದ ಹತ್ರ 2023ರಾಗ ಪಯಣ ಅಂತ ಧರ್ಮಸ್ಥಳದವರದೇ ಕಾರ್ ಮ್ಯೂಸಿಯಂ ಆಗ್ಯದ, ಕೊಯಮತ್ತೂರಿನ್ಯಾಗ ಜಿಡಿ ಮ್ಯೂಸಿಯಂ ಅದ. ಪತ್ರ ಬರೀರಿ. ಬರಿಯೋಕಿಂತ ಮೊದಲ ಒಂದು ನೋಟ್‌ಬುಕ್ ಮಾಡ್ರಿ, ಯಾವ ಗಾಡಿ ಯಾರ ಮನಿಯಿಂದ ಬಂತು, ಡಾಕ್ಟರದೋ ಜಮೀನ್ದಾರರದೋ, ಕಾಕಾ ಹೇಳ್ತಿದ್ದ ಕಥಿ ಅಷ್ಟೂ. ಹೈದರಾಬಾದಿನ ಚೌಮಹಲ್ಲಾ ಅರಮನ್ಯಾಗ ನಿಜಾಮರ ಹಳದಿ ರೋಲ್ಸ್ ರಾಯ್ಸ್ ಕಾರ್ ನೋಡ್ಲಾಕ ನಮ್ಮ ಮಂದಿ ಹೋಗ್ತಾರ, ನಮ್ಮ ಭಾಗದ ಸಾದಾ ಮಂದಿ ಏನು ಓಡಿಸ್ತಿದ್ರು ಅನ್ನೋದು ಮಾತ್ರ ಎಲ್ಲೂ ಸಿಗಲ್ಲ.

ಫರ್ಸಿ_ಗ್ಯಾರೇಜ್ (ಶಹಾಬಾದ):
ಮಾಸ್ತರೇ, ಒಂದಿಷ್ಟು ಒಪ್ಪಲ್ಲ ನಾನು. 7ನೂ ಒಂದೇ ಕಡಿ ಅಂತ ಕುಂತ್ರ ದೀಪಾವಳಿ ದಾಟಿ ಬಯಲಾಗ ಬೀಳ್ತಾವ. ಅಂಬಾಸಿಡರ್ 2014ರ ತನಕ ತಯಾರಾಗ್ಯದ, ಇನ್ನೂ ಸಿಗ್ತಾವ, ಅವೆರಡು ಇಲ್ಲೇ ಓಡ್ಸೋ ಮನಸ್ಸಿದ್ದವರಿಗಿ ಕೊಡ್ರಿ. ಮೋರಿಸ್, ಫಿಯೆಟ್, ಲ್ಯಾಂಡ್‌ಮಾಸ್ಟರ್ ಮೂರು ಮಾತ್ರ ಅಗಲಿಸಬ್ಯಾಡ್ರಿ. ಜಾಗ ಸಿಗೋ ತನಕ ನನ್ನ ಗ್ಯಾರೇಜ್ ಹಿಂದ ಎರಡು ನಿಲ್ಲಸ್ಬಹುದು, ರೊಕ್ಕ ಬ್ಯಾಡ.

ಕೆಎ32_ಅಕ್ಕ:
ಅಣ್ಣಾ, ಇದು ಓದಿ ಮನ್ಯಾಗ ಎಲ್ಲರಿಗೂ ತೋರ್ಸಿದೆ, ಭಾಳ ಉಪಕಾರ ಆಯ್ತು. ಅಂಬಾಸಿಡರ್ ಎರಡು ಕೊಡ್ತೀವಿ, ಉಳಿದದ್ದಕ್ಕ ಪತ್ರ ಬರೀತೀನಿ, ಡೀಲರಿಗಿ ಬ್ಯಾಡ ಅಂದೆ. ಆರ್‌ಸಿ ಇಲ್ಲದ್ದು ಫಿಯೆಟ್ ಮತ್ತ ಲ್ಯಾಂಡ್‌ಮಾಸ್ಟರ್ರೇ, ಅದೇ ಚಿಂತಿ. ನಂಬರ್ ಪ್ಲೇಟ್ ಅವ.

ಬೀದರ_ಜೀಪ್‌ವಾಲಾ:
ಪ್ಲೇಟ್ ಅದ ಅಂದ್ರ ದಾರಿ ಅದ. ಆ ನಂಬರಿನ ಆರ್‌ಟಿಒದಾಗ ಬಿ ಎಕ್ಸ್‌ಟ್ರಾಕ್ಟ್, ಅಂದ್ರ ಅವರ ರಿಜಿಸ್ಟರಿನ್ಯಾಗ ಆ ಗಾಡಿದು ಏನದ ಅದರ ನಕಲು, ಕೇಳ್ರಿ. 1956ಕಿಂತ ಮೊದಲಿನ ಗಾಡಿ ಆದ್ರ ನಮ್ಮ ಭಾಗ ಆಗ ಹೈದರಾಬಾದ್ ರಾಜ್ಯದಾಗಿತ್ತು, ನಂಬರೂ ಅಲ್ಲಿದೇ ಇರಬಹುದು, ಪ್ಲೇಟಿನ ಫೋಟೋ ಕಳಸ್ರಿ. ಜೊತಿಗಿ ಇಂಜಿನ್ ಖೋಲಿ ಒಳಗಿನ ಪಟ್ಟಿ ಸೀಮೆಎಣ್ಣಿ ಬಟ್ಟಿಲೇ ಒರಸಿ, ಚಾಸಿ ನಂಬರ್ ಮ್ಯಾಲ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಪ್ರಿಂಟ್ ತಗೀರಿ, ಎರಡೆರಡು ಕಾಪಿ. ಮಂಗಳವಾರ ಕಲಬುರಗಿಗಿ ಬರ್ತೀನಿ, ಆರ್‌ಟಿಒಗಿ ಕೂಡೇ ಹೋಗೋಣು.