ಐದು ಡ್ರಿಲ್‌ಗೆ ಟೇಬಲ್‌ನಲ್ಲಿ ಒಂದೇ ಸಾಲು ಸಾಕಾ?

ಪ್ರಶ್ನೆ:
ಡ್ರಿಲ್, ಏಣಿ, ಜನರೇಟರ್ ಬಾಡಿಗೆಗೆ ಕೊಡುವ ಅಂಗಡಿಗೆ ಡೇಟಾಬೇಸ್ ಮಾಡುತ್ತಿದ್ದೇನೆ. ಉಪಕರಣ ಟೇಬಲ್‌ನಲ್ಲಿ ‘ಡ್ರಿಲ್, ಸಂಖ್ಯೆ 5’ ಅಂತ ಒಂದೇ ಸಾಲು. ಒಂದು ಹೋದರೆ 4, ವಾಪಸ್ ಬಂದರೆ 5. ಮೊನ್ನೆ ನೋಡಿದರೆ ಒಂದು ಡ್ರಿಲ್‌ನ ಮೋಟಾರ್ ಸುಟ್ಟಿದೆ. ಕೊನೆಗೆ ಒಯ್ದವರು ಯಾರು ಅಂತ ಹುಡುಕಿದರೆ ಗೊತ್ತೇ ಆಗುತ್ತಿಲ್ಲ. ಎಲ್ಲಿ ಎಡವಿದೆ?

ಉತ್ತರ 1:
ನಾನೂ ಅಲ್ಲೇ ಎಡವಿದವನು! ಮಾದರಿ ಬೇರೆ, ವಸ್ತು ಬೇರೆ. ‘ಮಾದರಿ’ ಟೇಬಲ್‌ನಲ್ಲಿ ಹೆಸರು, ದಿನದ ಬಾಡಿಗೆ. ‘ವಸ್ತು’ ಟೇಬಲ್‌ನಲ್ಲಿ ಒಂದೊಂದು ಡ್ರಿಲ್‌ಗೂ ಒಂದು ಸಾಲು, ಸೀರಿಯಲ್ ನಂಬರ್, ಮಾದರಿಗೆ ಫಾರಿನ್ ಕೀ (ಇದು ಯಾವ ಮಾದರಿ ಅಂತ ಆ ಟೇಬಲ್‌ನ ಸಾಲನ್ನು ತೋರಿಸುವ ಕೊಂಡಿ). ಬಿಲ್ಲಿಗೂ ಎರಡು ಟೇಬಲ್ ಬೇಕು. ‘ಬಾಡಿಗೆ’ಯಲ್ಲಿ ಗ್ರಾಹಕ, ದಿನಾಂಕ. ‘ಬಾಡಿಗೆ ಸಾಲು’ವಿನಲ್ಲಿ ಯಾವ ವಸ್ತು, ಯಾವಾಗ ವಾಪಸ್ ಬರಬೇಕು, ಯಾವಾಗ ಬಂತು. ಮೂರು ಒಯ್ದವರು ಎರಡನ್ನೇ ತಂದುಕೊಡುವುದು ಮಾಮೂಲು, ಅಲ್ವಾ? ಅದಕ್ಕೇ ವಾಪಸ್ ದಿನಾಂಕ ಬಿಲ್ಲಿನಲ್ಲಲ್ಲ, ಸಾಲಿನಲ್ಲಿರಬೇಕು. ಅಂದಿನ ದರವನ್ನೂ ಅಲ್ಲೇ ಬರೆದಿಡಿ. ಇಲ್ಲದಿದ್ದರೆ ನಾಳೆ ದರ ಏರಿಸಿದಾಗ ಹಳೇ ಬಿಲ್ಲಿನ ಲೆಕ್ಕವೂ ಬದಲಾಗುತ್ತದೆ.

ಉತ್ತರ 2:
‘ಅಂಗಡಿಯಲ್ಲಿ ಇದೆಯಾ’ ಅಂತ ಬೇರೆ ಕಾಲಂ ಸುಮ್ನೆ ಇಡಬೇಡಿ. ಒಯ್ದ ವಸ್ತುವಿನ ಸಾಲಿನಲ್ಲಿ ವಾಪಸ್ ಬಂದ ದಿನಾಂಕ ನಲ್ (ಖಾಲಿ) ಇದ್ದರೆ ಹೊರಗಿದೆ ಅಂತಲೇ ಅರ್ಥ. ಮುಂಗಡ ಬುಕಿಂಗ್ ಇದ್ದರೆ ಹೀಗೆ ನೋಡಿ: ಅದೇ ವಸ್ತುವಿನ ಹಳೆಯ ಬುಕಿಂಗ್ ಶುರುವಾಗುವುದು ಹೊಸದು ಮುಗಿಯುವ ಮೊದಲು, ಮುಗಿಯುವುದು ಹೊಸದು ಶುರುವಾದ ಮೇಲೆ. ಎರಡೂ ನಿಜವಾದರೆ ಡಿಕ್ಕಿ.

ಪ್ರಶ್ನೆ ಕೇಳಿದವರು:
ಮರಳು ಕಾಗದಕ್ಕೂ ಸೀರಿಯಲ್ ನಂಬರ್ ಬೇಕಾ?

ಉತ್ತರ 1:
ಬೇಡ ಮಾರಾಯರೇ! ವಾಪಸ್ ಬರದ ಸಾಮಾನಿಗೆ ನಿಮ್ಮ ಹಳೇ ‘ಸಂಖ್ಯೆ’ ಕಾಲಮ್ಮೇ ಸಾಕು.